ಸಿ ಡ್ರೈವ್ ಕ್ಲೀನಿಂಗ್ ಲಾಗ್: ಅಪ್‌ಡೇಟ್ ಬಿಟ್ಟು ಹೋದ ಫೈಲ್‌ಗಳ ಕಥೆ

ಶನಿವಾರ

128 ಜಿಬಿ ಎಸ್‌ಎಸ್‌ಡಿಯಲ್ಲೇ ವಿಂಡೋಸ್ 11 ಓಡಿಸ್ತೀನಿ ಅನ್ನೋ ಹಠ ಇನ್ನೂ ಬಿಟ್ಟಿಲ್ಲ. 23ಎಚ್2 ವರ್ಷನ್‌ನಿಂದ 24ಎಚ್2 ವರ್ಷನ್‌ಗೆ ಅಪ್‌ಗ್ರೇಡ್ ಆದ್ಮೇಲೆ ಸಿ ಡ್ರೈವ್ ಜಾಗ ತುಂಬಿ ಕೆಂಪಗಾಯ್ತು. ಇದು ತಿಂಗಳ ತಿಂಗಳ ಪ್ಯಾಚ್ ಥರ ಅಲ್ಲ, ಇಡೀ ಓಎಸ್ ಹೊಸದಾಗಿ ಕೂರುತ್ತೆ, ಹಳೇದನ್ನ ಪೂರ್ತಿ ಎತ್ತಿ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್‌ಗೆ ಹಾಕಿಡುತ್ತೆ, ಜೊತೆಗೆ ಡಾಲರ್ ಚಿಹ್ನೆಯಿಂದ ಶುರುವಾಗೋ ಒಂದೆರಡು ಹಿಡನ್ ಫೋಲ್ಡರ್ ಬೇರೆ ಬಿಟ್ಟು ಹೋಗುತ್ತೆ.

ಈ ಸಲದ ರೂಲ್ ಏನಂದ್ರೆ, ಯಾವ ಫೈಲನ್ನ ಯಾವ ಟೂಲ್ ಇಟ್ಟಿದ್ಯೋ ಅದೇ ಟೂಲ್ ಕೈಲೇ ತೆಗೆಸೋದು, ಎಕ್ಸ್‌ಪ್ಲೋರರ್‌ನಲ್ಲಿ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತೋದಿಲ್ಲ. ವಿಂಡೋಸ್ ಡಾಟ್ ಓಲ್ಡ್ ಅಂತೂ ಹಂಗೆ ಹೋಗೋದೂ ಇಲ್ಲ, ಪರ್ಮಿಷನ್ ಇಲ್ಲ ಅನ್ನುತ್ತೆ, ಓನರ್‌ಶಿಪ್ ಕಿತ್ಕೊಂಡು ಅಳಿಸಿದ್ರೆ ಅರ್ಧಂಬರ್ಧ ಉಳ್ಕೊಂಡು ಇನ್ನೂ ತಲೆನೋವು.

ಆದ್ರೆ ಅದನ್ನ ಇವತ್ತೇ ತೆಗಿಯಲ್ಲ. ಹಳೇ ವರ್ಷನ್‌ಗೆ ವಾಪಸ್ ಹೋಗೋ ದಾರಿ ಇರೋದೇ ಆ ಫೋಲ್ಡರ್‌ನಿಂದ. ಸುಮ್ನೆ ಬಿಟ್ರೂ 10 ದಿನ ಇಟ್ಕೊಂಡು ಆಮೇಲೆ ವಿಂಡೋಸೇ ಅಳಿಸುತ್ತೆ (ಮೊದ್ಲು 30 ದಿನ ಇತ್ತು, 2016ರ ಆನಿವರ್ಸರಿ ಅಪ್‌ಡೇಟ್‌ನಲ್ಲಿ 10ಕ್ಕೆ ಇಳಿಸಿದ್ರು), ಬೇಕಾದ್ರೆ ಡಿಸ್ಮ್ ಅನ್ನೋ, ವಿಂಡೋಸ್ ಜೊತೆಗೇ ಬರೋ ನಿರ್ವಹಣೆ ಟೂಲ್‌ನ ಕಮಾಂಡ್‌ನಿಂದ ಅದನ್ನ 60 ದಿನದವರೆಗೂ ಎಳೀಬಹುದು. ಪ್ರಿಂಟರ್, ಬ್ಲೂಟೂತ್, ಸ್ಲೀಪ್‌ಗೆ ಹೋಗಿ ಎದ್ದೇಳೋದು, ಎಲ್ಲಾ ಸರಿ ಇದ್ಯಾ ನೋಡ್ಕೊಂಡೇ ಮುಂದಿನ ಹೆಜ್ಜೆ.

ಮುಂದಿನ ಶನಿವಾರ

ಎಲ್ಲಾ ಸರಿ ಓಡ್ತಿದೆ. ವಿಂಡೋಸ್ ಡಾಟ್ ಓಲ್ಡ್ ಒಳಗಿನ ಯೂಸರ್ಸ್ ಫೋಲ್ಡರ್ ಒಂದ್ಸಲ ತೆರೆದು ಏನಾದ್ರೂ ಫೈಲ್ ಅಲ್ಲೇ ಉಳ್ಕೊಂಡಿದ್ಯಾ ಅಂತ ನೋಡಿ, ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಅಂತ ಹೋಗಿ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್' ಟಿಕ್ ಮಾಡ್ದೆ, ಡೆಲಿವರಿ ಆಪ್ಟಿಮೈಸೇಷನ್ ಫೈಲ್‌ಗಳನ್ನೂ (ಬೇರೆ ಪಿಸಿಗಳ ಜೊತೆ ಹಂಚ್ಕೊಳ್ಳೋಕೆ ಇಟ್ಕೊಂಡಿರೋ ಅಪ್‌ಡೇಟ್ ಕಾಪಿಗಳು) ಸೇರಿಸ್ದೆ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಒಂದು ಇರುತ್ತೆ ನೋಡಿ, ಅದು ನಿಮ್ಮ ಸ್ವಂತ ಡೌನ್‌ಲೋಡ್ಸ್ ಫೋಲ್ಡರು, ಟೆಂಪರರಿ ಪಟ್ಟಿಯೊಳಗೆ ಅದನ್ನ ಯಾಕೆ ತಂದು ಕೂರಿಸಿದ್ರೋ ದೇವರೇ ಬಲ್ಲ. ಅಲ್ಲಿ ಟಿಕ್ ಇಲ್ಲ ಅಂತ ಎರಡೆರಡು ಸಲ ನೋಡ್ಕೊಳ್ಳಿ.

ಸಿ ಡ್ರೈವ್ ಮತ್ತೆ ನೀಲಿಗೆ ಬಂತು.

ಭಾನುವಾರ

ಇವತ್ತು ವಿನ್‌ಎಸ್‌ಎಕ್ಸ್‌ಎಸ್, ಅಂದ್ರೆ ವಿಂಡೋಸ್ ತನ್ನ ಭಾಗಗಳನ್ನ (ಕಾಂಪೊನೆಂಟ್) ಹಳೇ ವರ್ಷನ್‌ಗಳ ಸಮೇತ ಇಟ್ಕೊಳ್ಳೋ ಫೋಲ್ಡರ್. ಎಲ್ಲರ ಕಣ್ಣು ಬೀಳೋದೇ ಇದ್ರ ಮೇಲೆ, ಪ್ರಾಪರ್ಟೀಸ್ ತೆರೆದ್ರೆ ನನ್ನ ಮೆಷಿನ್‌ನಲ್ಲಿ 11 ಜಿಬಿ ಮೇಲೆ ತೋರಿಸ್ತಿತ್ತು. ಆದ್ರೆ ಆ ಲೆಕ್ಕ ನಂಬೋ ಹಾಗಿಲ್ಲ. ಸಿಸ್ಟಮ್32ನಲ್ಲಿ ಕಾಣೋ ಎಷ್ಟೋ ಫೈಲ್‌ಗಳು ನಿಜವಾಗಿ ಇಲ್ಲಿರೋವೇ, ಹಾರ್ಡ್ ಲಿಂಕ್‌ನಿಂದ ಎರಡು ಹೆಸರಲ್ಲಿ ಕಾಣ್ತವೆ ಅಷ್ಟೇ. ಒಂದೇ ಮನೆಗೆ ಎರಡು ಬಾಗಿಲಿದ್ರೆ, ಬಾಗಿಲು ಎಣಿಸಿ ಎರಡು ಮನೆ ಅಂದಂಗೆ ಎಕ್ಸ್‌ಪ್ಲೋರರ್ ಲೆಕ್ಕ. ಹಂಗಾಗಿ ಈ ಫೋಲ್ಡರ್‌ಗೆ ಕೈ ಹಾಕಿ ಫೈಲ್ ಅಳಿಸಿದ್ರೆ ಮೆಷಿನ್ ಬೂಟ್ ಆಗದೇ ಇರಬಹುದು, ಮುಂದೆ ಯಾವ ಅಪ್‌ಡೇಟೂ ಕೂರದೇ ಇರಬಹುದು.

ನಿಜವಾದ ಲೆಕ್ಕ ಕೇಳೋಕೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಮ್‌ಗೆ ಆನ್‌ಲೈನ್, ಕ್ಲೀನಪ್-ಇಮೇಜ್, ಅನಲೈಜ್‌ಕಾಂಪೊನೆಂಟ್‌ಸ್ಟೋರ್ ಅಂತ ಮೂರು ಸ್ವಿಚ್ (ಕಮಾಂಡ್ ಜೊತೆ ಬರೆಯೋ ಆಯ್ಕೆ) ಕೊಡ್ಬೇಕು. ಎಕ್ಸ್‌ಪ್ಲೋರರ್ ಹೇಳೋ ಸೈಜ್ ಎಷ್ಟು, ನಿಜವಾದ ಸೈಜ್ ಎಷ್ಟು, ವಿಂಡೋಸ್ ಜೊತೆ ಹಂಚ್ಕೊಂಡಿರೋದೆಷ್ಟು, ಕೊನೇ ಸಲ ಕ್ಲೀನ್ ಆಗಿದ್ದು ಯಾವಾಗ, ಈಗ ಕ್ಲೀನ್ ಮಾಡ್ಬೇಕಾ ಬೇಡ್ವಾ, ಎಲ್ಲಾ ಅದೇ ಹೇಳುತ್ತೆ. ನನ್ನದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಹಂಚ್ಕೊಂಡಿರೋದೇ, ಅಂದ್ರೆ ಓಡ್ತಿರೋ ವಿಂಡೋಸೇ. ಕ್ಲೀನಪ್ ಮಾಡಿ ಅಂತಲೂ ಹೇಳ್ತು, ಹಂಗಾಗಿ ಅದೇ ಕಮಾಂಡ್‌ನ ಕೊನೇ ಸ್ವಿಚ್ ಬದ್ಲು ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಕೊಟ್ಟು ಓಡಿಸ್ದೆ. ಈ ಕೆಲ್ಸ ವಿಂಡೋಸ್ ತಾನೇ ಶೆಡ್ಯೂಲ್ಡ್ ಟಾಸ್ಕ್ ಆಗಿ ಮಾಡ್ತಾ ಇರುತ್ತೆ, ಆದ್ರೆ ಹೊಸ ಕಾಂಪೊನೆಂಟ್ ಬಂದು 30 ದಿನ ಆಗೋವರೆಗೂ ಹಳೇದನ್ನ ಮುಟ್ಟಲ್ಲ, ನಾವು ಓಡಿಸಿದ್ರೆ ಆ 30 ದಿನ ಕಾಯೋದಿಲ್ಲ, ತಕ್ಷಣ ತೆಗೆಯುತ್ತೆ. ಮಧ್ಯೆ ಪರ್ಸೆಂಟೇಜ್ ನಿಂತೇ ಹೋಯ್ತು ಅನ್ಸುತ್ತೆ, ವಿಂಡೋ ಕ್ಲೋಸ್ ಮಾಡ್ಬೇಡಿ, ಚಾರ್ಜರ್ ಹಾಕಿ ಎದ್ದು ಹೋಗಿ.

ಕೊನೇಲಿ ರೀಸೆಟ್‌ಬೇಸ್ ಅಂತ ಇನ್ನೊಂದು ಸ್ವಿಚ್ ಸೇರಿಸ್ಬಹುದು, ಇನ್ನೂ ಜಾಗ ಸಿಗುತ್ತೆ, ಆದ್ರೆ ಆಮೇಲೆ ಈಗಿರೋ ಅಪ್‌ಡೇಟ್‌ಗಳನ್ನ ಅನ್‌ಇನ್‌ಸ್ಟಾಲ್ ಮಾಡೋಕಾಗಲ್ಲ. ದಿನಾ ಕೆಲ್ಸಕ್ಕೆ ಬೇಕಾದ ಮೆಷಿನ್‌ಗೆ ಅದು ಲಾಭದ ವ್ಯಾಪಾರ ಅಲ್ಲ. ಬಿಟ್ಟೆ.

ಬುಧವಾರ ರಾತ್ರಿ

ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರ್, ವಿಂಡೋಸ್ ಅಪ್‌ಡೇಟ್ ಡೌನ್‌ಲೋಡ್ ಮಾಡಿದ್ದನ್ನ ಇಡೋ ಜಾಗ. ರೂಲ್‌ಗೆ ಇದೊಂದೇ ಎಕ್ಸೆಪ್ಷನ್, ಇಲ್ಲಿ ಕೈಯಿಂದ ಅಳಿಸ್ಬಹುದು, ಆದ್ರೆ ಕ್ರಮ ಇದೆ. ರೀಸ್ಟಾರ್ಟ್ ಕೇಳ್ತಾ ಕೂತಿರೋ ಅಪ್‌ಡೇಟ್ ಇದ್ರೆ ಮೊದ್ಲು ರೀಸ್ಟಾರ್ಟ್. ಆಮೇಲೆ ವಿಂಡೋಸ್ ಅಪ್‌ಡೇಟ್ ಸರ್ವಿಸ್, ಹಿನ್ನೆಲೆಯಲ್ಲಿ ಡೌನ್‌ಲೋಡ್ ಮಾಡೋ ಬಿಟ್ಸ್ ಸರ್ವಿಸ್ ಎರಡನ್ನೂ ಸ್ಟಾಪ್ ಮಾಡಿ, ಒಳಗಿರೋ ಡೌನ್‌ಲೋಡ್ ಫೋಲ್ಡರ್ ಮಾತ್ರ ಖಾಲಿ ಮಾಡಿ, ಸರ್ವಿಸ್ ವಾಪಸ್ ಸ್ಟಾರ್ಟ್. ಪಕ್ಕದ ಡೇಟಾಸ್ಟೋರ್ ಅಳಿಸಿದ್ರೆ ಅಪ್‌ಡೇಟ್ ಹಿಸ್ಟರಿ ಹೋಗುತ್ತೆ, ಜಾಗಾನೂ ಅಷ್ಟೇನೂ ಸಿಗಲ್ಲ.

ಮುಟ್ಟದೇ ಬಿಟ್ಟಿದ್ದು ಎರಡು. ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್, ಹಿಡನ್ ಆಗಿರುತ್ತೆ, ಕಸದ ಥರಾನೇ ಕಾಣುತ್ತೆ, ಆದ್ರೆ ಪ್ರೋಗ್ರಾಂಗಳ ಪ್ಯಾಚ್‌ಗೂ ಅನ್‌ಇನ್‌ಸ್ಟಾಲ್‌ಗೂ ಅದೇ ಬೇಕು. ಇನ್ನೊಂದು ಸಿ ಡ್ರೈವ್‌ನಲ್ಲಿ ಖಾಲಿ ಕೂತಿರೋ ಐನೆಟ್‌ಪಬ್, 2025ರ ಏಪ್ರಿಲ್ ಸೆಕ್ಯೂರಿಟಿ ಅಪ್‌ಡೇಟ್ ಜೊತೆ ಬಂದಿದ್ದು. ಸೊನ್ನೆ ಬೈಟ್ ಇದೆ, ಈ ಹೆಸರಿನ ಫೋಲ್ಡರ್ ಬಳಸೋ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ ನಾನು ಬಳಸಲ್ಲ, ಆದ್ರೂ ಅದು ಸೆಕ್ಯೂರಿಟಿ ಫಿಕ್ಸ್‌ನ ಭಾಗ, ಅಳಿಸ್ಬೇಡಿ ಅಂತ ಮೈಕ್ರೋಸಾಫ್ಟೇ ಹೇಳಿದೆ. ಸರಿ ಇರಲಿ, ಅಳಿಸಿದ್ರೆ ಜಾಗ ಏನೂ ಸಿಗಲ್ವಲ್ಲ.

ಬಾಕಿ ಇರೋದು ಇನ್ನೊಂದು ಮೆಷಿನ್‌ನ ಉಬುಂಟು, ಅಲ್ಲಿ ಬೂಟ್ ಪಾರ್ಟಿಷನ್ ಹಳೇ ಕರ್ನಲ್‌ಗಳಿಂದ (ಓಎಸ್‌ನ ತಿರುಳು) ತುಂಬ್ತಿದೆ. ಫೈಲ್‌ಗಳನ್ನ ನೇರ ಅಳಿಸಲ್ಲ, ಮೊದ್ಲು ಯಾವ ಕರ್ನಲ್ ಓಡ್ತಿದೆ ನೋಡ್ಕೊಂಡು, ಬೇಡದ ಪ್ಯಾಕೇಜ್ ತೆಗೆಯೋ ಆಪ್ಟ್ ಆಟೋರಿಮೂವ್ ಕಮಾಂಡ್ ಯಾವ್ಯಾವುದನ್ನ ತೆಗೀತೀನಿ ಅಂತ ಕೊಡೋ ಪಟ್ಟಿ ಓದಿ, ಆಮೇಲೆ ಯೆಸ್ ಒತ್ತೋದು.