ಮ್ಯಾಂಚೆಸ್ಟರ್‌ನಲ್ಲಿ ಫ್ಲ್ಯಾಟ್ ಹುಡುಕೋರು ಮೊದಲು ಅಡುಗೆಮನೆ ನೋಡಿ

ಸೆಪ್ಟೆಂಬರ್‌ಗೆ ಮ್ಯಾಂಚೆಸ್ಟರ್‌ಗೆ ಹೊರಡುವವರು ಯಾರಾದರೊಬ್ಬರು ನನಗೆ ಮೆಸೇಜ್ ಹಾಕುತ್ತಲೇ ಇರುತ್ತಾರೆ. "ಅಕ್ಕಾ, ಸಿಟಿ ಸೆಂಟರ್‌ನಲ್ಲಿ ಫ್ಲ್ಯಾಟ್ ಹಿಡಿಯೋದಾ, ಫ್ಯಾಲೋಫೀಲ್ಡ್ ಕಡೆ ಮನೆ ನೋಡೋದಾ?" ಫ್ಯಾಲೋಫೀಲ್ಡ್ ಅಂದರೆ ಊರಿನ ದಕ್ಷಿಣಕ್ಕಿರುವ, ವಿದ್ಯಾರ್ಥಿಗಳೇ ತುಂಬಿರುವ ಬಡಾವಣೆ. ಜತೆಗೆ ಫೋಟೊಗಳು. ಬಾಲ್ಕನಿ, ಜಿಮ್, ಲಾಬಿಯ ಸೋಫಾ. ಅಡುಗೆಮನೆಯ ಫೋಟೊ ಮಾತ್ರ ಯಾರೂ ಕಳಿಸೋದಿಲ್ಲ.

ನನ್ನ ಉತ್ತರ ಸೆಂಟರ್ ಅಂತಲೇ. 2022ರಲ್ಲಿ ಎಂಎಸ್ಸಿಗೆ ಹೋದಾಗ ಪಿಕಾಡಿಲಿ ಸ್ಟೇಷನ್ ಹತ್ತಿರ ಎರಡು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿದ್ದೆ, ಜತೆಗೆ ಹುಬ್ಬಳ್ಳಿಯ ಹುಡುಗಿ. ಆಕ್ಸ್‌ಫರ್ಡ್ ರೋಡಿನ ಯೂನಿವರ್ಸಿಟಿಗೆ ನಡೆದೇ ಹೋಗುತ್ತಿದ್ದೆವು, ಬಸ್ಸಿನ ಖರ್ಚಿಲ್ಲ. ವೀಸಾ ಪ್ರಕಾರ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹೋಟೆಲು, ಅಂಗಡಿ ಕೆಲಸ ಸಿಗೋದು ಜಾಸ್ತಿ ಸೆಂಟರ್‌ನಲ್ಲೇ. ಡಿಸೆಂಬರ್ ಮಳೆಯಲ್ಲಿ ರಾತ್ರಿ ಹನ್ನೊಂದಕ್ಕೆ ಶಿಫ್ಟ್ ಮುಗಿಸಿ ನಡೆದು ಮನೆ ಸೇರುವ ಸುಖಕ್ಕೆ ಬಾಡಿಗೆ ಸ್ವಲ್ಪ ಜಾಸ್ತಿ ಕೊಡಬಹುದು. ಶುಕ್ರವಾರ ರಾತ್ರಿ ಕುಡಿದು ಹಾಡುವವರ ಗಲಾಟೆ ಇದ್ದದ್ದೇ.

ಆದರೆ ಅಡುಗೆ! ಹಾಲ್‌ನ ಒಂದು ಗೋಡೆಗೆ ಒಲೆ, ಸಿಂಕು, ಫ್ರಿಜ್ಜು. ಅದೇ ಕಿಚನ್. ಒಲೆ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಕಳಿಸುತ್ತಿರಲಿಲ್ಲ, ಸೋಸಿ ಮತ್ತೆ ಒಳಕ್ಕೇ ಬಿಡುತ್ತಿತ್ತು. ಕಿಟಕಿ ನಾಲ್ಕು ಬೆರಳಗಲ ತೆರೆದರೆ ಹೆಚ್ಚು. ಯಾರೂ ಕೆಳಗೆ ಬೀಳದಿರಲಿ ಅಂತ ತಡೆ ಹಾಕಿದ್ದರು. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಏಳುವಷ್ಟರಲ್ಲಿ ಚಾವಣಿಯ ಅಲಾರಂ ಕಿರುಚಿಕೊಳ್ಳುತ್ತಿತ್ತು. ನಾನು ಒಲೆ ಆರಿಸಬೇಕು, ಅವಳು ಕುರ್ಚಿ ಹತ್ತಿ ಟವೆಲ್ ಬೀಸಬೇಕು. "ಇಲ್ಲಿ ಒಗ್ಗರಣಿ ಹಾಕಾಕ ಇಬ್ರು ಬೇಕ ನೋಡ್ವಾ" ಅನ್ನುತ್ತಿದ್ದಳು. ಕೆಲವರು ಅಲಾರಂಗೆ ಪ್ಲಾಸ್ಟಿಕ್ ಕವರ್ ಕಟ್ಟಿಬಿಡುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಫ್ಲ್ಯಾಟ್ ನೋಡಲು ಹೋದಾಗಲೇ ಕಿಟಕಿ ತೆರೆದು ನೋಡಿ, ಚಿಮಣಿಯ ಗಾಳಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಏಜೆಂಟ್ ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ.

ಆಮೇಲೆ ಹೀಟರ್. ಫ್ಯಾಲೋಫೀಲ್ಡ್‌ನ ಹಳೇ ಇಟ್ಟಿಗೆ ಮನೆಗಳಲ್ಲಿ ಮನೆ ಬಿಸಿ ಮಾಡಲು ಸಾಮಾನ್ಯವಾಗಿ ಗ್ಯಾಸ್ ಬಾಯ್ಲರ್ ಇರುತ್ತದೆ. ಸೆಂಟರ್‌ನ ಎಷ್ಟೋ ಫ್ಲ್ಯಾಟ್‌ಗಳಲ್ಲಿ ಗೋಡೆಗೆ ಎಲೆಕ್ಟ್ರಿಕ್ ಹೀಟರ್ ಅಷ್ಟೇ. ಅಲ್ಲಿ ಕರೆಂಟಿನ ಒಂದು ಯೂನಿಟ್‌ಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದರ. ಅಕ್ಕಪಕ್ಕ, ಮೇಲೆ ಕೆಳಗೆ ಮನೆಗಳಿದ್ದರೆ ಅವರ ಬಿಸಿಯಲ್ಲೇ ನಮ್ಮದೂ ಸ್ವಲ್ಪ ನಡೆಯುತ್ತದೆ. ಮೂಲೆಯ ಫ್ಲ್ಯಾಟ್ ಆದರೆ ಬಿಲ್ ನೋಡಿ ಕಣ್ಣು ಬಿಡಬೇಕು. ಬಿಲ್ ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳದೆ ಸಹಿ ಹಾಕಬೇಡಿ.

ಯಾರ ಜತೆ ಇರುತ್ತೀರಿ ಅನ್ನೋದೂ ದುಡ್ಡಿನ ವಿಷಯವೇ. ಮನೆಯಲ್ಲಿರುವ ಎಲ್ಲರೂ ಫುಲ್‌ಟೈಮ್ ವಿದ್ಯಾರ್ಥಿಗಳಾದರೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ, ಇಲ್ಲ. ಒಬ್ಬರು ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದರೋ, ಬಿಲ್ ಶುರು. 25% ರಿಯಾಯಿತಿ ಸಿಗಬಹುದು, ಅಷ್ಟೇ. ಅದನ್ನು ಯಾರು ಕಟ್ಟೋದು ಅಂತ ಮೊದಲೇ ಮಾತಾಡಿಕೊಳ್ಳಿ. ಜಂಟಿ ಕರಾರಾದರೆ ಇನ್ನೂ ಹುಷಾರು. ಜತೆಗಾರರು ಬಾಡಿಗೆ ಕಟ್ಟದಿದ್ದರೆ ಪೂರ್ತಿ ಮೊತ್ತವನ್ನು ನಿಮ್ಮ ಹತ್ತಿರ ಕೇಳುವ ಹಕ್ಕು ಮಾಲೀಕರಿಗಿದೆ.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅಲ್ಲಿನ ಡೆಪಾಸಿಟ್ ನಗು ತರಿಸುತ್ತದೆ. 2019ರ ಕಾನೂನಿನ ಪ್ರಕಾರ ಇಂಥ ಫ್ಲ್ಯಾಟ್‌ಗಳಿಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಖಾಸಗಿ ಬಾಡಿಗೆ ಫ್ಲ್ಯಾಟ್ ಆದರೆ ಸಾಮಾನ್ಯವಾಗಿ ಆ ದುಡ್ಡನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ನೋಂದಾಯಿಸಬೇಕು. ಜಗಳ ಬಂದರೆ ಸ್ಕೀಮಿನವರೇ ಉಚಿತವಾಗಿ ತೀರ್ಮಾನ ಮಾಡಿಕೊಡುತ್ತಾರೆ. ನಮ್ಮದೂ ಅಲ್ಲಿಗೇ ಹೋಯಿತು. ಬಿಳಿ ಕಟ್ಟೆಯ ಮೇಲೆ ಅರಿಶಿನದ ಕಲೆ, ಪಕ್ಕದಲ್ಲಿ ಪಾತ್ರೆ ಇಟ್ಟು ಸುಟ್ಟ ಗುರುತು. ಮಾಲೀಕರು ಎರಡಕ್ಕೂ ದುಡ್ಡು ಹಿಡಿದಿದ್ದರು. ಒಳಗೆ ಕಾಲಿಟ್ಟ ದಿನವೇ ಹುಬ್ಬಳ್ಳಿ ಹುಡುಗಿ ಮೂಲೆ ಮೂಲೆಯ ಫೋಟೊ ತೆಗೆದಿದ್ದಳು, ಸುಟ್ಟ ಗುರುತು ಅದರಲ್ಲೇ ಇತ್ತು. ಅದರ ದುಡ್ಡು ವಾಪಸ್ ಬಂತು. ಅರಿಶಿನದ್ದು ಬರಲಿಲ್ಲ.