ಬೋರ್ಡೋ ಗೊನೆಗೆ ಸಾಕು, ಹಳ್ಳಕ್ಕೆ ಬೇಡ

ಅಡಿಕೆ ತೋಟದ ವಿಷದ ಮಾತು ಬಂದರೆ ಎಲ್ಲರೂ ಕಳೆನಾಶಕವನ್ನು ಬೈಯುತ್ತಾರೆ, ಮಳೆಗಾಲದಲ್ಲಿ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸುದ್ದಿ ಎತ್ತುವವರು ಕಡಿಮೆ. ಸುಣ್ಣ, ಮೈಲುತುತ್ತ ತಾನೇ, ಅಜ್ಜನ ಕಾಲದಿಂದ ಹೊಡೆಯುತ್ತಿದ್ದೇವೆ ಎಂಬ ಧೈರ್ಯ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಬರೆದ ಕಾಲದಿಂದಲೂ ಇದೇ ನಮ್ಮ ಮುಖ್ಯ ಔಷಧ. ಬಿಟ್ಟುಬಿಡಿ ಎನ್ನುತ್ತಿಲ್ಲ. ಆದರೆ ಮೈಲುತುತ್ತ ಎಂದರೆ ತಾಮ್ರದ ಲವಣ, ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ, ಎರೆಹುಳಕ್ಕೆ ಕಂಟಕವಾಗುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಅದರ ಕಾಟ ಇನ್ನೂ ಹೆಚ್ಚು.

ಲೆಕ್ಕ ಹಾಕಿ ನೋಡಿ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 550 ಮರ, ಮರಕ್ಕೆ ಒಂದು ಲೀಟರ್ ದ್ರಾವಣ, ನೂರು ಲೀಟರಿಗೆ ಒಂದು ಕಿಲೋ ತುತ್ತ ಎಂದುಕೊಂಡರೆ ಒಂದು ಸುತ್ತಿಗೆ 5.5 ಕಿಲೋ ತುತ್ತ, ಅಂದರೆ ಸುಮಾರು 1.4 ಕಿಲೋ ತಾಮ್ರ. ಮೂರು ಸುತ್ತಿಗೆ ನಾಲ್ಕು ಕಿಲೋ ದಾಟುತ್ತದೆ. ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ಎಕರೆಗೆ ಹೇಳುವುದಾದರೆ ಹನ್ನೊಂದು ಕಿಲೋ ಚಿಲ್ಲರೆ, ಅಷ್ಟೇ ತಾಮ್ರಕ್ಕೆ ಅನುಮತಿ. ಅವರ ಏಳು ವರ್ಷದ ಪಾಲು ನಮ್ಮಲ್ಲಿ ಮೂರೇ ವರ್ಷದಲ್ಲಿ ಮುಗಿಯುತ್ತದೆ.

ಮೂರನೇ, ನಾಲ್ಕನೇ ಸುತ್ತು ಬೇಕಾಗುವುದಕ್ಕೆ ಮಳೆಯಷ್ಟೇ ಕಾರಣವಲ್ಲ. ದ್ರಾವಣ ಕೆಟ್ಟಿದ್ದರೂ ಹಾಗಾಗುತ್ತದೆ. ಶೇ. 1ರ ಬೋರ್ಡೋಗೆ ಒಂದು ಕಿಲೋ ತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆಯಾಗಿ ಕದಡಿ ಸೋಸಿಕೊಳ್ಳಬೇಕು. ಪಾತ್ರೆ ಪ್ಲಾಸ್ಟಿಕ್ಕಿನದ್ದೇ ಇರಲಿ, ಕಬ್ಬಿಣ ಬೇಡ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹುಯ್ಯುತ್ತಾ ಕದಡಬೇಕು. ಉಲ್ಟಾ ಮಾಡಿದರೆ, ಅಥವಾ ಎರಡನ್ನೂ ಗಟ್ಟಿಯಾಗಿ ಕಲಸಿ ಕೊನೆಗೆ ನೀರು ಬೆರೆಸಿದರೆ, ಕಣ ದಪ್ಪವಾಗಿ ತಳ ಹಿಡಿಯುತ್ತದೆ, ಕಾಯಿಗೆ ಅಂಟುವುದಿಲ್ಲ.

ಪೊಟ್ಟಣದ ಸುಣ್ಣದ ಗುಣ ಒಂದೇ ಸಮ ಇರುವುದಿಲ್ಲ, ಹಾಗಾಗಿ ಪ್ರತಿ ಬ್ಯಾರಲ್ಲನ್ನೂ ಪರೀಕ್ಷಿಸಬೇಕು. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಚು ಬಣ್ಣ ಕೂತರೆ ತಾಮ್ರ ಸುಣ್ಣದೊಂದಿಗೆ ಕೂಡದೆ ಇನ್ನೂ ಬಿಡಿಯಾಗಿದೆ ಎಂದರ್ಥ. ಅಲಗು ಹೊಳೆಯುವ ತನಕ ಸುಣ್ಣದ ತಿಳಿ ಸೇರಿಸುತ್ತಾ ಹೋಗಿ. ಪಿಎಚ್ ಕಾಗದ ಇದ್ದರೆ 7ರಿಂದ 8ರ ನಡುವೆ ತೋರಿಸಬೇಕು. ಬಿಡಿ ತಾಮ್ರ ಎಳೆಕಾಯಿಯನ್ನು ಸುಡುತ್ತದೆ, ಮೊದಲ ಜೋರು ಮಳೆಗೇ ತೊಳೆದು ಹಳ್ಳ ಸೇರುತ್ತದೆ. ಹಳ್ಳದ ಮೀನಿಗೆ ಅದು ಸೀದಾ ಕಿವಿರಿಗೇ ಪೆಟ್ಟು. ಮಲೆನಾಡಿನ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಅಂಥ ನೀರಿನಲ್ಲಿ ಸ್ವಲ್ಪ ತಾಮ್ರವೂ ಮೀನು ಕೊಲ್ಲುತ್ತದೆ.

ಕಲಸಿದ್ದು ಅಂದೇ ಮುಗಿಯಬೇಕು. ಮರುದಿನಕ್ಕೆ ಇಟ್ಟದ್ದಕ್ಕೆ ಅಂಟುವ ಗುಣ ಉಳಿದಿರುವುದಿಲ್ಲ. ಮಿಕ್ಕರೆ ಕಾಳುಮೆಣಸಿನ ಬಳ್ಳಿಗೆ ಹೊಡೆಯಿರಿ, ಸೊರಗು ರೋಗಕ್ಕೂ ಇದೇ ಶೇ. 1ರ ದ್ರಾವಣ. ನೀರು ಹತ್ತಿರ ಎಂದು ಹಳ್ಳದ ದಂಡೆಯಲ್ಲೇ ಬ್ಯಾರಲ್ ಇಡುವುದು, ಸಂಜೆ ಅಲ್ಲೇ ಪಂಪು, ಪೈಪು ತೊಳೆಯುವುದು ಊರೂರಲ್ಲೂ ನಡೆಯುತ್ತಿದೆ. ಇದು ಖಂಡಿತ ನಿಲ್ಲಬೇಕು. ಪೈಪು ಎಳೆದು ನೀರನ್ನು ತೋಟದ ಮೇಲ್ಭಾಗಕ್ಕೆ ತನ್ನಿ, ತೊಳೆದ ನೀರನ್ನು ಮರುದಿನದ ಸುಣ್ಣ ಕದಡಲು ಬಳಸಿ.

ಮೊದಲ ಸುತ್ತು ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40-45 ದಿನಕ್ಕೆ. ಗುರಿ ಗೊನೆ ಮಾತ್ರ, ಸೋಗೆಯನ್ನೆಲ್ಲ ತೋಯಿಸುವ ಅಗತ್ಯವಿಲ್ಲ. ಉದುರಿದ ಕೊಳೆಕಾಯಿ, ಒಣಗಿ ನೇತಾಡುವ ರೋಗದ ಗೊನೆ ತೆಗೆದು ಸುಡದಿದ್ದರೆ ಎಷ್ಟು ಸುತ್ತು ಹೊಡೆದರೂ ರೋಗದ ಬೀಜ ತೋಟದಲ್ಲೇ ಉಳಿಯುತ್ತದೆ. ಹೊಡೆಯುವವರ ಕಣ್ಣಿಗೆ ಕನ್ನಡಕ ಕೊಡಿ, ಸಿಡಿದರೆ ಕಣ್ಣು ಉರಿದುಹೋಗುತ್ತದೆ. ಔಷಧ ಬಿದ್ದ ಹುಲ್ಲು, ಅಡಿಕೆ ಹಾಳೆಯನ್ನು ಕೊಟ್ಟಿಗೆಗೆ ತರಬೇಡಿ. ಕುರಿಗಂತೂ ಬೇಡವೇ ಬೇಡ, ದನಕ್ಕಿಂತ ಕುರಿಗೆ ತಾಮ್ರದ ವಿಷ ಬಹಳ ಬೇಗ ಏರುತ್ತದೆ.

ಹಳ್ಳ, ಕೆರೆ, ಬಾವಿಗೆ ತಾಗಿದ ಸಾಲುಗಳಿಗೆ ಬೋರ್ಡೋ ಬದಲು ಕೊಟ್ಟೆ, ಅಂದರೆ ಗೊನೆಗೆ ಮಳೆ ತಾಗದಂತೆ ಮುಚ್ಚುವ ಹೊದಿಕೆ, ಕಟ್ಟಿಸುವುದೇ ಸರಿ. ಹಿಂದೆ ಕರಡದ ಹುಲ್ಲಿನ ಕೊಟ್ಟೆ ಇತ್ತು, ಈಗ ಪ್ಲಾಸ್ಟಿಕ್ಕಿನದ್ದು. ಮಳೆಗೆ ಮುಂಚೆ, ಗೊನೆ ಒಣಗಿರುವಾಗಲೇ ಕಟ್ಟಿ ತಳ ತೆರೆದಿಡಬೇಕು, ಇಲ್ಲವಾದರೆ ಒಳಗೆ ನೀರಾಡಿ ಕೊಳೆ ಅಲ್ಲೇ ಶುರುವಾಗುತ್ತದೆ. ಮರ ಹತ್ತುವ ಕೂಲಿ ದುಬಾರಿ, ಇಡೀ ತೋಟಕ್ಕೆ ಆಗದ ಮಾತು. ದಂಡೆಯ ಎರಡು ಮೂರು ಸಾಲಿಗಾದರೂ ಮಾಡಿಸಬಹುದು. ಕೊಯ್ಲಿನಲ್ಲಿ ಕೊಟ್ಟೆಯನ್ನು ಎಣಿಸಿ ಇಳಿಸಿಕೊಳ್ಳಿ, ಹರಿಯದಿದ್ದರೆ ಮುಂದಿನ ವರ್ಷಕ್ಕೂ ಬರುತ್ತದೆ.