ವಾಟ್ ಲೆಕ್ಕಕ್ಕೂ ಮೊದಲು ಆ್ಯಂಟೆನಾದ ಕೆಳತುದಿ ನೋಡಿ

ರೇಡಿಯೇಟೆಡ್ ಇಮ್ಯುನಿಟಿ ಪರೀಕ್ಷೆಗೆ, ಅಂದರೆ ಉಪಕರಣವೊಂದು ರೇಡಿಯೋ ತರಂಗಗಳ ನಡುವೆಯೂ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆಗೆ, ಎಷ್ಟು ವಾಟಿನ ಆ್ಯಂಪ್ಲಿಫೈಯರ್ ಬೇಕು? ಉತ್ತರ ಇರುವುದು ಆ್ಯಂಟೆನಾದ ಡೇಟಾಶೀಟಿನಲ್ಲಿ, ಗೇನ್ (ಆ್ಯಂಟೆನಾ ಪವರನ್ನು ಒಂದು ದಿಕ್ಕಿಗೆ ಎಷ್ಟು ಕೊಡುತ್ತದೆ ಎಂಬ ಅಳತೆ) ಗ್ರಾಫಿನ ಎಡತುದಿಯಲ್ಲಿ, ಅಂದರೆ ಅತಿ ಕಡಿಮೆ ಆವರ್ತನದ ಕಡೆ.

ಈ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 61000-4-3 ಪ್ರಕಾರ 3 ಮೀಟರ್ ದೂರದಲ್ಲಿ 10 ವೋಲ್ಟ್/ಮೀಟರ್ ಫೀಲ್ಡ್ (ವಿದ್ಯುತ್ ಕ್ಷೇತ್ರ) ಬೇಕು ಅಂದುಕೊಳ್ಳಿ. ಫೀಲ್ಡನ್ನು ದೂರದಿಂದ ಗುಣಿಸಿ, ವರ್ಗ ಮಾಡಿ, 30ರಿಂದ ಭಾಗಿಸಿ. 0 ಡಿಬಿಐ ಗೇನ್‌ಗೆ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆದರ್ಶ ಆ್ಯಂಟೆನಾದಷ್ಟು) 30 ವಾಟ್ ಬರುತ್ತದೆ. ಇಷ್ಟೇನಾ ಅನಿಸಬಹುದು. ಆದರೆ 80% ಎಎಂ (ಸಂಕೇತದ ಎತ್ತರವನ್ನು ಏರಿಳಿಸುವ ಮಾಡ್ಯುಲೇಷನ್) ಹಾಕಿದಾಗ ಶಿಖರದಲ್ಲಿ ಫೀಲ್ಡ್ 1.8 ಪಟ್ಟು, ಪವರ್ 3.24 ಪಟ್ಟು, ಅಲ್ಲಿಗೆ 97 ವಾಟ್. ಚಿಕ್ಕ ಆ್ಯಂಟೆನಾದ ಗೇನ್ 80 ಮೆಗಾಹರ್ಟ್ಸ್‌ನಲ್ಲಿ −6 ಡಿಬಿಐ ಇದ್ದರೆ ಸುಮಾರು 390. ಕೇಬಲ್ 1 ಡಿಬಿ (ಡೆಸಿಬೆಲ್; 3 ಡಿಬಿ ಎಂದರೆ ಪವರ್ ಸುಮಾರು ಎರಡು ಪಟ್ಟು) ತಿಂದರೆ 490. ಉಪಕರಣ ಇಡುವ ಕಡೆಯ ಫೀಲ್ಡ್ ಸಮತಲದ 16 ಬಿಂದುಗಳಲ್ಲಿ 12 ಆದರೂ ಬೇಕಾದ ಮಟ್ಟಕ್ಕಿಂತ 0ರಿಂದ +6 ಡಿಬಿ ಒಳಗೆ ಬರಬೇಕು, ಅದಕ್ಕೆಂದು 3 ಡಿಬಿ ಕೈಯಲ್ಲಿಟ್ಟುಕೊಂಡರೆ ಒಂದು ಕಿಲೋವಾಟ್! ಅದೇ ಜಾಗದಲ್ಲಿ 0 ಡಿಬಿಐ ಕೊಡುವ ದೊಡ್ಡ ಆ್ಯಂಟೆನಾ ಇಟ್ಟರೆ 250 ವಾಟ್ ಸಾಕು. ಚೇಂಬರಿನಲ್ಲಿ ಅದನ್ನು ಲಂಬವಾಗಿ ತಿರುಗಿಸಲು ಜಾಗ ಇದೆಯೇ ಎಂದು ಮಾತ್ರ ಮೊದಲೇ ಅಳೆದುಕೊಳ್ಳಿ.

ಡೇಟಾಶೀಟಿನ ಗೇನ್‌ನಲ್ಲಿ ಮಿಸ್‌ಮ್ಯಾಚ್ ನಷ್ಟ (ಕೇಬಲಿಗೆ ಆ್ಯಂಟೆನಾ ಹೊಂದದೆ ಪವರ್ ವಾಪಸ್ ಬರುವುದು) ಸೇರಿದೆಯೇ ಎಂದೂ ಕೇಳಿ. ಈ ಹೊಂದಾಣಿಕೆಯ ಅಳತೆಯಾದ ವಿಎಸ್‌ಡಬ್ಲ್ಯುಆರ್ (1:1 ಎಂದರೆ ಪೂರ್ತಿ ಹೊಂದಿಕೆ) 6:1 ಇದ್ದರೆ ಕಳಿಸಿದ ಪವರ್‌ನಲ್ಲಿ ಅರ್ಧ ವಾಪಸ್ ಬರುತ್ತದೆ. 20:1 ಇದ್ದರೆ ಒಳಹೋಗುವುದು ಶೇ 18 ಮಾತ್ರ. ವಾಪಸ್ ಬಂದದ್ದನ್ನು ಕ್ಲಾಸ್ ಎ ಆ್ಯಂಪ್ಲಿಫೈಯರ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕ್ಲಾಸ್ ಎಬಿ ಆದರೆ ತನ್ನನ್ನು ಕಾಪಾಡಿಕೊಳ್ಳಲು ಔಟ್‌ಪುಟ್ ಇಳಿಸಿಬಿಡಬಹುದು. ನಡುವೆ 6 ಡಿಬಿ ಅಟೆನ್ಯುಯೇಟರ್ ಹಾಕಿದರೆ ಮ್ಯಾಚ್ ಸುಧಾರಿಸುತ್ತದೆ ನಿಜ, ಆದರೆ ದುಡ್ಡು ಕೊಟ್ಟು ಕೊಂಡ ಪವರ್‌ನ ಮುಕ್ಕಾಲು ಪಾಲು ಅದರಲ್ಲೇ ಬಿಸಿಯಾಗಿ ಹೋಗುತ್ತದೆ.

ಸದ್ದಿಲ್ಲದೆ ಮೋಸ ಮಾಡುವುದು ಹಾರ್ಮೋನಿಕ್, ಅಂದರೆ ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಹುಟ್ಟುವ ಬೇಡದ ಸಂಕೇತ. 30 ಮೆಗಾಹರ್ಟ್ಸ್‌ನಲ್ಲಿ ಆ್ಯಂಟೆನಾದ ಗೇನ್ −15 ಡಿಬಿಐ, 90ರಲ್ಲಿ 0 ಡಿಬಿಐ ಎಂದಿಟ್ಟುಕೊಳ್ಳಿ. ಆ್ಯಂಪ್ಲಿಫೈಯರ್ ಮೂರನೇ ಹಾರ್ಮೋನಿಕನ್ನು 20 ಡಿಬಿ ಕೆಳಗಿಟ್ಟರೂ ಗಾಳಿಯಲ್ಲಿ ಉಳಿಯುವ ಅಂತರ ಬರೀ 5 ಡಿಬಿ. ಮಾನದಂಡ ಕೇಳುವುದು ಕನಿಷ್ಠ 6. ಡಯೋಡ್ ಫೀಲ್ಡ್ ಪ್ರೋಬ್‌ಗೆ ಆವರ್ತನದ ಭೇದ ಗೊತ್ತಾಗದು. ಎರಡನ್ನೂ ಕೂಡಿಸಿ ಓದುತ್ತದೆ. ಮಟ್ಟ ಸರಿಯಿದೆ ಎಂದು ತೋರಿದರೂ ಉಪಕರಣಕ್ಕೆ ತಾಗಿದ ಫೀಲ್ಡ್ ಬೇರೆಯೇ. ಲೋ-ಪಾಸ್ ಫಿಲ್ಟರ್ ಹಾಕಿ, ಇಲ್ಲವೇ ಆ್ಯಂಪ್ಲಿಫೈಯರನ್ನು 1 ಡಿಬಿ ಕಂಪ್ರೆಷನ್ ಬಿಂದುವಿಗಿಂತ (ಔಟ್‌ಪುಟ್ ಬರಬೇಕಾದ್ದಕ್ಕಿಂತ 1 ಡಿಬಿ ಕಡಿಮೆಯಾಗುವ ಹಂತ) ಸಾಕಷ್ಟು ಕೆಳಗೆ ಓಡಿಸಿ. ಕ್ಯಾಲಿಬ್ರೇಷನ್ ಮಟ್ಟ ಮುಟ್ಟಿದ ಮೇಲೆ ಜನರೇಟರನ್ನು 5.1 ಡಿಬಿ ಇಳಿಸಿ ನೋಡಿ: ಡೈರೆಕ್ಷನಲ್ ಕಪ್ಲರ್ ತೋರಿಸುವ ಫಾರ್ವರ್ಡ್ ಪವರ್ (ಆ್ಯಂಟೆನಾ ಕಡೆಗೆ ಹೋಗುವ ಪವರ್) 3.1 ಡಿಬಿಯಷ್ಟೂ ಇಳಿಯದಿದ್ದರೆ ಆ್ಯಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ಸ್ಯಾಚುರೇಟ್ ಆಗಿದೆ.

30 ಮೆಗಾಹರ್ಟ್ಸ್‌ಗಿಂತ ಕೆಳಗೆ ಈ ಗೇನ್ ಲೆಕ್ಕವನ್ನೇ ನಂಬಬೇಡಿ. 10 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 30 ಮೀಟರ್, ಒಂದು ಮೀಟರ್ ದೂರವೆಂದರೆ ಪೂರ್ತಿ ನಿಯರ್ ಫೀಲ್ಡ್, ಅಂದರೆ ತರಂಗ ಇನ್ನೂ ರೂಪುಗೊಂಡಿರದ ಆ್ಯಂಟೆನಾದ ಹತ್ತಿರದ ವಲಯ. ಅಲ್ಲಿ ಟಿಇಎಂ ಸೆಲ್, ಸ್ಟ್ರಿಪ್‌ಲೈನ್ (ಎರಡೂ ಲೋಹದ ಪಟ್ಟಿಗಳ ನಡುವೆ ಫೀಲ್ಡ್ ಹುಟ್ಟಿಸುವ ಸಾಧನಗಳು) ಅಥವಾ ಇ-ಫೀಲ್ಡ್ ಜನರೇಟರ್ ಬಳಸಿ. ಮೊದಲ ಎರಡರಲ್ಲಿ ಫೀಲ್ಡ್ ಎಂದರೆ ಸರಿಸುಮಾರು ಪಟ್ಟಿಗಳ ನಡುವಿನ ವೋಲ್ಟೇಜನ್ನು ಅಂತರದಿಂದ ಭಾಗಿಸಿದಷ್ಟು. 50 ಓಮ್ ಟಿಇಎಂ ಸೆಲ್‌ನಲ್ಲಿ ಅಂತರ ಅರ್ಧ ಮೀಟರ್ ಇದ್ದರೆ 100 ವೋಲ್ಟ್/ಮೀಟರ್‌ಗೆ 50 ವೋಲ್ಟ್, ಅಂದರೆ 50 ವಾಟ್ ಸಾಕು, ಎಎಂ ಇಲ್ಲದಿದ್ದಾಗ.